ಹನ್ನೊಂದು ನಿಮಿಷದ ಹೆಸರು

ಕಳೆದ ವಾರ ನಮ್ಮ ಮನೆಯ ಟಿ.ವಿ. ಒರೆಸುವುದಕ್ಕೆ ಹೊಸ ಸಾಧನವೊಂದು ಬಂದಿರುವುದು ಕಣ್ಣಿಗೆ ಬಿತ್ತು. ಬೂದು ಬಣ್ಣ, ಮುಷ್ಟಿಯ ಗಾತ್ರ, ಮೈತುಂಬ ನುಣುಪಾದ ಉದ್ದ ಕೂದಲು. ನನ್ನ ಹೆಂಡತಿ ಪದ್ಮಾ ಅದನ್ನು ಬೆರಳಿಗೆ ತೊಟ್ಟುಕೊಂಡು ಪರದೆಯ ಮೇಲೆ ಆಡಿಸುತ್ತ, "ಧೂಳಾ ಭಾಳ ಚಂದ ಹಿಡೀತೈತ್ರಿ ಇದು. ಇನ್ನೊಂದ್ ನಾಕು ತಂದುಬಿಡ್ರಿ," ಎಂದಳು.

ಅದು ನನ್ನ ರೆಕಾರ್ಡರಿನ ಟೋಪಿ. ಬಯಲಿನಲ್ಲಿ ಧ್ವನಿಮುದ್ರಣ ಮಾಡುವಾಗ ಗಾಳಿ ಮೈಕಿಗೆ ಬಡಿದು ಬರ್ರೆನ್ನಬಾರದೆಂದು ತೊಡಿಸುವಂಥದು. ಅದು ಪರದೇಶದಿಂದ ಬರುವವರೆಗೆ ನಾನು ಮಳೆಗಾಲವೊಂದನ್ನು ಪೂರ್ತಿ ಕಾದಿದ್ದೆ. ಈಗ ಅದು ಧಾರಾವಾಹಿಗಳ ಮುಖ ಒರೆಸುತ್ತಿದೆ. ಒಂದು ವರ್ಷದ ಹಿಂದೆ ಆಗಿದ್ದರೆ ನಾನು ಮನೆಯಲ್ಲಿ ಯುದ್ಧ ಹೂಡುತ್ತಿದ್ದೆ. ಈಗ ಸುಮ್ಮನೆ, "ನಾಕು ಬ್ಯಾಡ, ಒಂದು ಸಾಕು," ಎಂದು ಪೇಪರು ತೆರೆದೆ.

ನನ್ನ ಈ ಹವ್ಯಾಸದ ಬಗ್ಗೆ ನಿಮಗೆ ಹೇಳಿಲ್ಲ ಅನ್ನಿಸುತ್ತದೆ. ಹೇಳಿದ್ದರೆ ನೀವು ಇಷ್ಟು ಹೊತ್ತಿಗೆ ಎದ್ದುಹೋಗಿರುತ್ತಿದ್ದಿರಿ. ನಿವೃತ್ತರಾದವರು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಕೆಲವರು ಬೆಳಗಿನ ವಾಕಿಂಗಿಗೆ ಹೋಗಿ ಇನ್ನೊಬ್ಬರ ಸಕ್ಕರೆ ಕಾಯಿಲೆಯ ವಿವರ ಕೇಳುತ್ತಾರೆ. ಕೆಲವರು ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿಯಾಗಿ ಸಕ್ಕರೆ ಕಾಯಿಲೆಯನ್ನೇ ತಂದುಕೊಳ್ಳುತ್ತಾರೆ. ನಾನು ಮಾತ್ರ ಅಂಗೈಯಗಲದ ಒಂದು ರೆಕಾರ್ಡರನ್ನೂ ಕಿವಿಯನ್ನು ಪೂರ್ತಿ ಮುಚ್ಚುವ ಒಂದು ಹೆಡ್‌ಫೋನನ್ನೂ ಕೊಂಡು, ಹೈದರಾಬಾದಿನ ಸದ್ದುಗಳನ್ನು ಮುಂದಿನ ಜನಾಂಗಕ್ಕೆ ಉಳಿಸುವ ಭಾರ ಹೊತ್ತೆ. ಮುಂದಿನ ಜನಾಂಗ ನನ್ನನ್ನು ಕೇಳಿರಲಿಲ್ಲ ಎನ್ನುವುದು ಬೇರೆ ಮಾತು.

ಬಾಲಾನಗರದ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ನನ್ನ ಆಯುಷ್ಯ ಕಳೆಯಿತು. ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದು, ಸಿಗದಿದ್ದರೆ ಬೇಸರದಿಂದ "ಪರೀಕ್ಷಿಸಲಾಗಿದೆ" ಎಂದು ಮೊಹರು ಒತ್ತುವುದು, ಇದಕ್ಕೆ ಸಂಬಳ. ಆ ಸ್ವಭಾವವನ್ನು ಗೇಟಿನಲ್ಲಿ ಒಪ್ಪಿಸಿ ಬರಬೇಕಿತ್ತು. ಮನೆಗೇ ತಂದೆ. ಸಿಕಂದರಾಬಾದ್ ಸ್ಟೇಷನ್ನಿಗೆ ಹೋಗಿ ರೈಲು ಹೊರಡುವ ಸದ್ದನ್ನು ಹಿಡಿದರೆ, ಅದರಲ್ಲಿ ಪ್ರಯಾಣಿಕರು ಮಾತಾಡುತ್ತಾರೆಂದು ನನಗೆ ಸಿಟ್ಟು. ನಾಚಾರಂನಲ್ಲಿ ಗೆಳೆಯನೊಬ್ಬನ ಸಣ್ಣ ವರ್ಕ್‌ಶಾಪಿನ ಮೇಲುಕೋಣೆಯಲ್ಲಿ ಭಾನುವಾರ ನಾವು ಐದು ಜನ ಇಂಥವರು ಸೇರುತ್ತಿದ್ದೆವು. ಒಬ್ಬ ಕುಕ್ಕರಿನ ಶಿಳ್ಳೆ ತಂದಿರುತ್ತಿದ್ದ, ಇನ್ನೊಬ್ಬ ಹಳೇ ಸೀಲಿಂಗ್ ಫ್ಯಾನಿನದು. ಎಲ್ಲರೂ ಕಣ್ಣುಮುಚ್ಚಿ ಕೇಳುವುದು, ಮುಗಿದ ಮೇಲೆ ಬಹಳ ಹೊತ್ತು ಯಾರೂ ಮಾತಾಡದಿರುವುದು ಪದ್ಧತಿ. ನಿಜ ಹೇಳಬೇಕೆಂದರೆ ಪ್ರತಿಯೊಬ್ಬರೂ ತಮ್ಮ ಸರದಿಗೆ ಕಾಯುತ್ತಿದ್ದೆವು, ಅಷ್ಟೆ. ಮನೆಗೆ ಹೋಗಿ ತಾನು ಹಿಡಿದದ್ದನ್ನು ಎರಡನೇ ಸಲ ಕೇಳಿದ ಒಬ್ಬನನ್ನೂ ನಾನು ನಮ್ಮ ಪಂಥದಲ್ಲಿ ಕಂಡಿಲ್ಲ.

ಹೊಸಬರು ಬಂದರೆ ಪಾಠ ಹೇಳುವ ಕೆಲಸ ನನ್ನದು. ಎಲ್ಲಕ್ಕಿಂತ ಮೊದಲ ಪಾಠ ಕೆಂಪು ಗುಂಡಿಯದು. ನಮ್ಮ ಈ ಯಂತ್ರಗಳಲ್ಲಿ ಕೆಂಪು ಗುಂಡಿಯನ್ನು ಒಂದು ಸಲ ಒತ್ತಿದರೆ ಯಂತ್ರ ಬರೀ ತಯಾರಾಗಿ ನಿಲ್ಲುತ್ತದೆ. ಕೆಂಪು ದೀಪ ಮಿನುಗುತ್ತದೆ, ಹೆಡ್‌ಫೋನಿನಲ್ಲಿ ಎಲ್ಲವೂ ಕೇಳಿಸುತ್ತದೆ, ಸದ್ದಿನ ಮಟ್ಟ ತೋರಿಸುವ ಗೆರೆಗಳು ಕುಣಿಯುತ್ತವೆ. ಆದರೆ ಏನೂ ದಾಖಲಾಗುವುದಿಲ್ಲ. ಎರಡನೇ ಸಲ ಒತ್ತಬೇಕು, ದೀಪ ಮಿನುಗುವುದು ನಿಂತು ಸ್ಥಿರವಾಗಬೇಕು. ಆಗಲೇ ಮುದ್ರಣ ಶುರು. "ಮಿನುಗಿದ್ರ ಮೋಸ, ನಿಂತ್ರ ನಿಜ," ಎಂದು ನಾನು ಬೆರಳೆತ್ತಿ ಹೇಳುತ್ತಿದ್ದೆ. ಹೊಸಬರು ತಲೆಯಾಡಿಸುತ್ತಿದ್ದರು.

ಈ ಕಥೆಯಲ್ಲಿ ನನ್ನ ಅಕ್ಕ ಬರುತ್ತಾಳೆ. ಬರದೆ ಇರುವುದು ಅವಳಿಗೆ ಗೊತ್ತಿರಲಿಲ್ಲ. ಸುಮಿತ್ರಕ್ಕ ನನಗಿಂತ ಆರು ವರ್ಷ ದೊಡ್ಡವಳು, ಮದುವೆಯಾಗದೆ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಗಣಿತ ಕಲಿಸಿದವಳು, ನಮ್ಮದೇ ಅಪಾರ್ಟ್‌ಮೆಂಟಿನ ಕೆಳಗಿನ ಅಂತಸ್ತಿನಲ್ಲಿ ಇರುವವಳು. ನಮ್ಮಪ್ಪ ವಿಜಯಪುರದ ಕಡೆಯಿಂದ ರೈಲ್ವೆ ನೌಕರಿಗೆಂದು ಸಿಕಂದರಾಬಾದಿಗೆ ಬಂದವರು. ಮೂರು ಭಾಷೆಯ ಊರಿನಲ್ಲಿ ಬೆಳೆದ ಅಕ್ಕ ಆಟೋದವರ ಹತ್ತಿರ ದಖನಿಯಲ್ಲಿ, ತರಕಾರಿಯವಳ ಹತ್ತಿರ ತೆಲುಗಿನಲ್ಲಿ, ನನ್ನ ಹತ್ತಿರ ಕನ್ನಡದಲ್ಲಿ ಜಗಳಾಡುತ್ತಿದ್ದಳು. ಮೂರರಲ್ಲೂ ಗೆಲ್ಲುತ್ತಿದ್ದಳು. ಅವಳ ದನಿ ಎಂಥದೆಂದರೆ ಒಂದನೇ ಪ್ಲಾಟ್‌ಫಾರ್ಮಿನಲ್ಲಿ ನಿಂತು "ವಸಂತಾ" ಎಂದರೆ ಹತ್ತನೇ ಪ್ಲಾಟ್‌ಫಾರ್ಮಿನ ವಸಂತರೂ ತಿರುಗಿ ನೋಡಬೇಕು.

ನಾವು ಚಿಕ್ಕವರಿದ್ದಾಗ ಅಪ್ಪ ಎಲ್ಲಿಂದಲೋ ಒಂದು ಕ್ಯಾಸೆಟ್ ರೆಕಾರ್ಡರು ತಂದಿದ್ದರು. ರೈಲ್ವೆ ಕ್ವಾರ್ಟರ್ಸಿನಲ್ಲಿ ಅದೊಂದೇ ಆದ್ದರಿಂದ ಅದನ್ನು ನೋಡಲು ಜನ ಬರುತ್ತಿದ್ದರು. ಅಕ್ಕ ಅದರ ಮುಂದೆ ಕೂತು, ಓಣಿಯ ಸುದ್ದಿಯನ್ನೆಲ್ಲ ವಾರ್ತೆಯ ಧಾಟಿಯಲ್ಲಿ ಓದಿ ತುಂಬಿಸುತ್ತಿದ್ದಳು. ಯಾರ ಮನೆಯ ಕೋಡಬಳೆ ಗಟ್ಟಿಯಾಯಿತು, ಯಾರ ಅಳಿಯ ಸಿಟ್ಟಾಗಿ ಎದ್ದುಹೋದ, ಎಲ್ಲ ಬರುತ್ತಿತ್ತು. ಕಾಲೇಜಿಗೆ ಹೋಗುವ ವಯಸ್ಸಿಗೆ ನಾನು ಆ ಕ್ಯಾಸೆಟ್ಟುಗಳ ಮೇಲೆ ಒಂದೊಂದಾಗಿ ಸಿನಿಮಾ ಹಾಡು ತುಂಬಿಸಿಕೊಂಡೆ. ಆಗ ಅದು ನನಗೆ ಬಹಳ ಜಾಣತನವೆನಿಸಿತ್ತು.

ಹೊಸ ರೆಕಾರ್ಡರು ಬಂದ ಮೇಲೂ ಅಕ್ಕನ ಜೊತೆ ನನ್ನ ವ್ಯವಹಾರ ಹೀಗೇ ಇತ್ತು. ನಾನು ಬಾಲ್ಕನಿಯಲ್ಲಿ ಪಾರಿವಾಳಗಳ ಗುಟುರು ಹಿಡಿಯಲು ಉಸಿರು ಕಟ್ಟಿ ಕೂತರೆ ಕೆಳಗಿನಿಂದ ಅಕ್ಕ, "ವಸಂತಾ, ಮೊಸರು ಐತೇನೋ?" ಎನ್ನುತ್ತಿದ್ದಳು. ಮತ್ತೆ ಮೊದಲಿನಿಂದ. ಒಮ್ಮೆ ಸಿಟ್ಟು ತಡೆಯಲಾರದೆ ಕೆಳಗಿಳಿದು ಹೋಗಿ, "ಅಕ್ಕಾ, ನಿನ್ನ ದನಿ ಎಲ್ಲಾದ್ರಾಗೂ ಬಂದು ಕೆಡಸಾಕತ್ತೈತಿ," ಎಂದೆ. ಅವಳು ಬೇಳೆ ಆರಿಸುತ್ತ, "ಹಂಗಾದ್ರ ಪಾರಿವಾಳಕ್ಕ ಮೊಸರು ಕೇಳ್ತೀನಿ ಬಿಡು," ಎಂದಳು. ನಾನು ಮೇಲೆ ಬಂದು ಕಂಪ್ಯೂಟರಿನಲ್ಲಿ ಅವಳ ಮಾತು ಬಂದ ಜಾಗಗಳನ್ನೆಲ್ಲ ಅಚ್ಚುಕಟ್ಟಾಗಿ ಕತ್ತರಿಸಿ ಎಸೆದೆ. ತಪಾಸಣೆ ವಿಭಾಗದವನ ಕೈ. ಒಂದು ಅಕ್ಷರವೂ ಉಳಿಯಲಿಲ್ಲ.

ಆಮೇಲೆ ಅಕ್ಕನ ದನಿ ಒಡೆಯತೊಡಗಿತು. ಶೀತ ಎಂದಳು, ಕಷಾಯ ಕುಡಿದಳು, ಅದು ಹೋಗಲಿಲ್ಲ. ಕೊನೆಗೆ ಡಾಕ್ಟರು ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಕತ್ತಿನಲ್ಲಿ ಮಾಡುವ ರಂಧ್ರದಿಂದ ಉಸಿರಾಡಬೇಕು, ಜೀವಕ್ಕೆ ಅಪಾಯವಿಲ್ಲ, ಆದರೆ ಮಾತು ಹೋಗುತ್ತದೆ ಎಂದರು. ಅಕ್ಕ ಅವರನ್ನು ಕೇಳಿದ್ದು ಒಂದೇ ಪ್ರಶ್ನೆ. "ಎರಡು ತಿಂಗಳು ತಡಾ ಮಾಡಿದ್ರ ನಡೀತೈತೇನ್ರಿ?" ಅವರು ನಡೆಯುವುದಿಲ್ಲ ಎಂದರು.

ಎರಡು ತಿಂಗಳ ಲೆಕ್ಕ ನಮಗೆಲ್ಲ ಗೊತ್ತಿತ್ತು. ನನ್ನ ಒಬ್ಬನೇ ಮಗ ಶ್ರೀಧರನ ಹೆಂಡತಿ ಸ್ವಾತಿಗೆ ಆಗ ಏಳು ತಿಂಗಳು. ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಹೆಸರು ಕರೆಯುವವಳು ಸೋದರತ್ತೆ. ಅವಳು ತೊಟ್ಟಿಲೊಳಗೆ ಬಗ್ಗಿ, ಕೂಸಿನ ಕಿವಿಗೆ ಬಾಯಿಟ್ಟು "ಕುರ್ರ್" ಎಂದು ಹೆಸರು ಹೇಳಬೇಕು. ಹಿಂದೆ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ, ಅದೊಂದು ಸಂಭ್ರಮ. ಶ್ರೀಧರನಿಗೆ ಅಕ್ಕತಂಗಿಯರಿಲ್ಲ. ಅವನ ಹೆಸರನ್ನು ಅವನ ಕಿವಿಗೆ ಹೇಳಿದವಳು ಸುಮಿತ್ರಕ್ಕ, ಅವನ ಮಗುವಿಗೂ ಅವಳೇ ಎಂದು ಅವನ ಮದುವೆಯ ದಿನವೇ ಅವಳು ಘೋಷಿಸಿದ್ದಳು. ಹೆಸರನ್ನು ಆರಿಸಿಟ್ಟಿದ್ದಳು, ಯಾರಿಗೂ ಹೇಳಿರಲಿಲ್ಲ. ಕೂಸಿನ ಕಿವಿಗೆ ಬೀಳುವ ಮುಂಚೆ ಅದು ಇನ್ನೊಬ್ಬರ ಕಿವಿಗೆ ಬೀಳಬಾರದೆಂಬುದು ಅವಳ ಕಟ್ಟುನಿಟ್ಟು.

ಆಗ ನಾನು ನನ್ನ ಜೀವನದ ಅತಿ ದೊಡ್ಡ ಐಡಿಯಾ ಮಾಡಿದೆ. "ಅಕ್ಕಾ, ನಾನು ರೆಕಾರ್ಡ್ ಮಾಡಿ ಇಡ್ತೀನಿ. ತೊಟ್ಟಿಲದಾಗ ಹಾಕೋ ದಿನ ಕೂಸಿನ ಕಿವಿ ಹತ್ರ ಹಚ್ಚೂಣು. ನಿನ್ನ ದನೀನ ಇರ್ತೈತಿ."

ಅಕ್ಕ, "ನಿನ್ನ ಡಬ್ಬಿ ಒಮ್ಮೆರೆ ಉಪಯೋಗಕ್ಕ ಬಂತಲ್ಲಪಾ," ಎಂದಳು. ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು. ಆ ಹವ್ಯಾಸ ಹಿಡಿದಾಗಿನಿಂದ ಯಾರಾದರೂ ನನ್ನ ಯಂತ್ರವನ್ನು ಹೊಗಳಿದ್ದು ಅದೇ ಮೊದಲು.

"ಗಂಡಾದ್ರ?" ಎಂದು ಕೇಳಿದೆ.

"ಹೆಣ್ಣ ಆಗ್ತೈತಿ. ಗಂಡಾದ್ರ ನಿನ್ನ ಹೆಸರ ಇಟ್ಟುಬಿಡ್ರಿ, ಅದಕ್ಕೇನ್ ರೆಕಾರ್ಡ್ ಬೇಕಾಗಿಲ್ಲ."

ಆಸ್ಪತ್ರೆಗೆ ಸೇರಿಸುವ ಹಿಂದಿನ ದಿನ ಮಧ್ಯಾಹ್ನ ಅಕ್ಕನ ಮನೆಯಲ್ಲಿ ಮುದ್ರಣ. ನಾನು ಸಿನಿಮಾದವರ ಹಾಗೆ ತಯಾರಿ ಮಾಡಿದೆ. ಫ್ರಿಜ್ಜು ಬಂದ್, ಫ್ಯಾನು ಬಂದ್, ಗೋಡೆಗಡಿಯಾರ ಬಚ್ಚಲುಮನೆಗೆ. ಎದುರು ಮನೆಯ ಸಾಹೇಬರಿಗೆ ಮಿಕ್ಸರು ಹಾಕಬೇಡಿ ಎಂದು ಹೇಳಿಬಂದೆ. ಅವರು, "ಆಪಾ ಕೇ ವಾಸ್ತೇ ತೋ ಹಮ್ ಸಾಂಸ್ ಭೀ ನೈ ಲೇತೇ," ಅಕ್ಕನಿಗಾಗಿ ಉಸಿರೂ ಆಡುವುದಿಲ್ಲ ಎಂದು, ತಮ್ಮ ಬಾಗಿಲನ್ನೂ ಮೆತ್ತಗೆ ಮುಚ್ಚಿಕೊಂಡರು. ಅಕ್ಕನನ್ನು ಮಂಚದ ಮೇಲೆ ಕೂರಿಸಿ, ಎದುರಿಗೆ ಎರಡು ದಿಂಬಿನ ಮೇಲೆ ರೆಕಾರ್ಡರು ಇಟ್ಟೆ. ಹೆಡ್‌ಫೋನು ಹಾಕಿಕೊಂಡು, ಕೆಂಪು ಗುಂಡಿ ಒತ್ತಿ, ಮಟ್ಟ ನೋಡುವುದಕ್ಕೆ ಏನಾದರೂ ಮಾತಾಡು ಎಂದೆ. ಅಕ್ಕ ಒಡೆದ ದನಿಯಲ್ಲಿ ಹದಿಮೂರರ ಮಗ್ಗಿ ಹೇಳಿದಳು.

ಎಷ್ಟು ಚೆನ್ನಾಗಿ ಕೇಳಿಸಿತು ಅಂತೀರಿ. ಹದಿಮೂರು ಏಳಲೆ ತೊಂಬತ್ತೊಂದು ಎನ್ನುವಾಗ ತುಟಿ ಕೂಡಿ ಬಿಡುವುದು ಕೂಡ ಕೇಳುತ್ತಿತ್ತು. ನಾನು ಸದ್ದಿನ ಮಟ್ಟ ತುಸು ತಗ್ಗಿಸಿದೆ, ತುಸು ಏರಿಸಿದೆ, ಯಂತ್ರದ ಮೂತಿಯನ್ನು ಒಂದು ಬೆರಳಿನಷ್ಟು ಓರೆ ಮಾಡಿದೆ. ಗೆರೆಗಳು ಚೆನ್ನಾಗಿ ಕುಣಿಯುತ್ತಿದ್ದವು. "ಹೂಂ, ಶುರು ಮಾಡು," ಎಂದೆ.

"ಅದನ್ನ ಕಿವಿ ಮ್ಯಾಲಿಂದ ತಗಿ. ಹೊರಗ ಹೋಗು," ಎಂದಳು ಅಕ್ಕ. "ನಿನ್ನ ಕಿವಿಗೆ ಮೊದಲ ಬಿದ್ರ ಅದು ನಿನ್ನ ಹೆಸರಾಗ್ತೈತಿ. ಮತ್ತ ಮನೀಗೆ ಹೋಗಿ ಕೇಳಬ್ಯಾಡ. ಆಣಿ ಮಾಡು."

ಆಣೆ ಮಾಡಿದೆ. ಹೆಡ್‌ಫೋನನ್ನು ಕತ್ತಿಗೆ ಹಾಕಿಕೊಂಡು ಬಾಲ್ಕನಿಗೆ ಹೋಗಿ ಬಾಗಿಲೆಳೆದುಕೊಂಡೆ. ಒಂದು ನಿಮಿಷದ ಕೆಲಸ ಅಂದುಕೊಂಡಿದ್ದೆ. ಐದಾಯಿತು, ಎಂಟಾಯಿತು. ಬಾಗಿಲಿನಾಚೆ ಅವಳ ದನಿ ಗುನುಗುನು ನಡೆದೇ ಇತ್ತು, ನಡುವೆ ಒಮ್ಮೆ ನಕ್ಕ ಹಾಗೂ ಇತ್ತು. ಕೈಗಡಿಯಾರ ನೋಡಿದ್ದೆ, ಆದ್ದರಿಂದ ಹೇಳಬಲ್ಲೆ, ಹನ್ನೊಂದು ನಿಮಿಷ. ಹನ್ನೊಂದು ನಿಮಿಷ ಹಿಡಿಯುವ ಹೆಸರು ಯಾವ ಪಂಚಾಂಗದಲ್ಲೂ ಇಲ್ಲ. ಅವಳು ಆ ಕೂಸಿಗೆ ಬೇರೆ ಏನೇನೋ ಹೇಳುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಆಣೆ ಮಾಡಬಾರದಿತ್ತು ಎಂದೂ ಅನ್ನಿಸಿತು.

"ಆತು ಬಾ," ಎಂದಾಗ ಒಳಗೆ ಹೋಗಿ, ದೇವರ ಮುಂದಿನ ದೀಪ ಶಾಂತ ಮಾಡುವ ಭಕ್ತಿಯಿಂದ ಯಂತ್ರ ನಿಲ್ಲಿಸಿದೆ. ಉಗುರುಗಾತ್ರದ ಮೆಮೊರಿ ಕಾರ್ಡನ್ನು ತೆಗೆದು ಅಮ್ಮನ ಕಾಲದ ಕುಂಕುಮದ ಭರಣಿಯಲ್ಲಿಟ್ಟು, ಭರಣಿಯನ್ನು ದೇವರ ಗೂಡಿನಲ್ಲಿಟ್ಟೆ. ಕೇಳಲಿಲ್ಲ. ತೆರೆದೂ ನೋಡಲಿಲ್ಲ. ನನ್ನ ಜನ್ಮದಲ್ಲಿ ಕೊಟ್ಟ ಮಾತನ್ನು ಪೂರ್ತಿಯಾಗಿ ಉಳಿಸಿಕೊಂಡದ್ದು ಅದೊಂದೇ ಸಲ, ಅದಕ್ಕೆ ಸಿಕ್ಕ ಫಲವನ್ನು ಮುಂದೆ ಹೇಳುತ್ತೇನೆ.

ಆಪರೇಷನ್ನು ಸರಿಯಾಗಿ ಆಯಿತು. ಅಕ್ಕ ಕತ್ತಿಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಮಡಿಲಲ್ಲಿ ಒಂದು ಪಾಟಿ, ಬಳಪ ಇಟ್ಟುಕೊಂಡು ಮನೆಗೆ ಬಂದಳು. ಫೋನಿನಲ್ಲಿ ಟೈಪು ಮಾಡು ಎಂದರೆ ಅದರಲ್ಲಿ ಸಿಟ್ಟು ಬರೆಯಲಾಗುವುದಿಲ್ಲ ಎಂದು ಪಾಟಿಯಲ್ಲಿ ಬರೆದು ತೋರಿಸಿದಳು. ಎರಡು ತಿಂಗಳಿಗೆ ಸ್ವಾತಿ ಹೆತ್ತಳು. ಹೆಣ್ಣು. ಸ್ವಾತಿಯ ತವರಿನವರು ದೊಡ್ಡ ಮನಸ್ಸು ಮಾಡಿ, ತೊಟ್ಟಿಲ ಕಾರ್ಯ ನಮ್ಮ ಮನೆಯಲ್ಲೇ ಆಗಲೆಂದರು.

ಆ ದಿನ ಬೆಳಿಗ್ಗೆ ನಾನು ಸ್ನಾನ ಮಾಡಿ, ಭರಣಿ ತೆರೆದು, ಕಾರ್ಡನ್ನು ಯಂತ್ರಕ್ಕೆ ಹಾಕಿದೆ. ಪಟ್ಟಿಯಲ್ಲಿ ಕೊನೆಗೆ ಇದ್ದದ್ದು ನೂರಾ ಹನ್ನೆರಡನೆಯ ಫೈಲು, ಪದ್ಮಾಳ ಕುಕ್ಕರು. ನೂರಾ ಹದಿಮೂರು ಇರಲಿಲ್ಲ. ಕಾರ್ಡನ್ನು ತೆಗೆದು, ಊದಿ, ಮತ್ತೆ ಹಾಕಿದೆ. ಇರಲಿಲ್ಲ. ಕುಕ್ಕರಿನ ಫೈಲನ್ನೇ ಪೂರ್ತಿ ಕೇಳಿದೆ, ಅದರ ಬಾಲದಲ್ಲಿ ಎಲ್ಲಾದರೂ ಅಂಟಿಕೊಂಡಿದೆಯೇನೋ ಎಂದು. ಏಳು ಶಿಳ್ಳೆಗಳಿದ್ದವು. ಆಗ ನನ್ನ ಬೆರಳಿಗೆ ನೆನಪಾಯಿತು. ಆ ಮಧ್ಯಾಹ್ನ ಗುಂಡಿಯನ್ನು ಒಂದೇ ಸಲ ಒತ್ತಿದ್ದೆ.

ಹುಚ್ಚನ ಹಾಗೆ ಕಂಪ್ಯೂಟರಿನ ಮುಂದೆ ಕೂತು ಹಳೆಯ ಫೈಲುಗಳನ್ನೆಲ್ಲ ತೆರೆದೆ. ಎಲ್ಲಾದರೂ ಒಂದು "ವಸಂತಾ", ಒಂದು "ಮೊಸರು ಐತೇನೋ" ಸಿಕ್ಕಿದ್ದರೂ ಸಾಕಿತ್ತು. ಪಾರಿವಾಳಗಳು ಬಹಳ ಸ್ವಚ್ಛವಾಗಿ ಗುಟುರು ಹಾಕುತ್ತಿದ್ದವು. ಶ್ರೀಧರನ ಮದುವೆಯ ವಿಡಿಯೋದಲ್ಲಿ ಅಕ್ಕ ಬಾಯಿ ತೆರೆದು ಮುಚ್ಚುತ್ತಾಳೆ, ಸ್ಟುಡಿಯೋದವರು ಅದರ ಮೇಲೆ ಶಹನಾಯಿ ಹಚ್ಚಿದ್ದಾರೆ. ಇಡೀ ಮನೆಯಲ್ಲಿ ಅಕ್ಕನ ದನಿ ಎಲ್ಲೂ ಇರಲಿಲ್ಲ. ಅದನ್ನು ಕಸದ ಹಾಗೆ ಗುಡಿಸಿ ಹಾಕಿದವನು ನಾನೇ.

ಪದ್ಮಾಳಿಗೆ ಹೇಳಲಿಲ್ಲ, ಶ್ರೀಧರನಿಗೆ ಹೇಳಲಿಲ್ಲ. ನೇರ ಕೆಳಗೆ ಅಕ್ಕನ ಮನೆಗೆ ಹೋದೆ. ಅವಳು ರೇಷ್ಮೆ ಸೀರೆ ಉಟ್ಟು, ಕತ್ತಿನ ಬಟ್ಟೆಗೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು, "ಅಕ್ಕಾ, ಅದು ಆಗಿಲ್ಲ. ನಾ ಎರಡನೇ ಸಲ ಒತ್ತಲಿಲ್ಲ," ಎಂದೆ. ಇನ್ನೂ ಏನೇನೋ ಹೇಳಿದೆ. ಮಿನುಗುವ ದೀಪ, ನಿಲ್ಲುವ ದೀಪ, ಯಂತ್ರದ ದೋಷವಲ್ಲ ಇತ್ಯಾದಿ. ತಪ್ಪೊಪ್ಪಿಗೆಯಲ್ಲೂ ನಾನು ಪಾಠ ಹೇಳುತ್ತಿದ್ದೆ.

ಅಕ್ಕ ಮಂಚದ ಮೇಲೆ ಕೂತಳು. ಆಮೇಲೆ ಪಾಟಿ ಎಳೆದುಕೊಂಡು ಬರೆದಳು: "ದೀಪ ಮಿನುಗುತ್ತಲೇ ಇತ್ತು. ನಾನು ನೋಡುತ್ತಿದ್ದೆ. ನೀನು ಬಲ್ಲವನು, ಹಾಗೇ ಇರಬೇಕು ಅಂದುಕೊಂಡೆ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಅರವತ್ತು ದಾಟಿದ ಗಂಡಸು ಅಳುವುದು ನೋಡಲು ಚೆನ್ನಾಗಿರುವುದಿಲ್ಲ, ಅಕ್ಕ ನೋಡಲೂ ಇಲ್ಲ. "ಆ ಹನ್ನೊಂದು ನಿಮಿಷ ಏನೇನ್ ಹೇಳಿದ್ದಿ, ಅದನ್ನರೆ ಬರದ ಕೊಡು," ಎಂದು ಕೇಳಿದೆ. ಅವಳು ಪಾಟಿಯನ್ನು ಒರೆಸಿ "ನೆನಪಿಲ್ಲ" ಎಂದು ಬರೆದಳು. ಹದಿಮೂರರ ಮಗ್ಗಿಯನ್ನು ಹಿಂದುಮುಂದಾಗಿ ಹೇಳುವವಳು ಬರೆದ ಮಾತು ಅದು.

ಮಧ್ಯಾಹ್ನಕ್ಕೆ ಮನೆ ತುಂಬಿತು. ತೊಟ್ಟಿಲ ಕೆಳಗೊಮ್ಮೆ ಮೇಲೊಮ್ಮೆ ಕೂಸನ್ನು ದಾಟಿಸುತ್ತ ಹೆಂಗಸರು, "ಗೋವಿಂದನ್ನ ತಗೋರಿ, ಗೋಪಾಲನ್ನ ತಗೋರಿ," ಎಂದರು. ಸ್ವಾತಿಯ ಅಮ್ಮ ತೆಲುಗಿನಲ್ಲಿ ಅದನ್ನೇ ಹೇಳಿ ನಕ್ಕರು. ಎಲ್ಲರೂ ನನ್ನ ಕೈ ನೋಡುತ್ತಿದ್ದರು, ಸ್ಪೀಕರು ಎಲ್ಲಿ ಎಂದು. ಶ್ರೀಧರ, "ಅಪ್ಪಾ, ರೆಡಿ ಏನು?" ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಅವನನ್ನು ಪಕ್ಕಕ್ಕೆ ಸರಿಸಿ ತೊಟ್ಟಿಲ ಹತ್ತಿರ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದಳು.

ಕೂಸಿನ ಬಲಗಿವಿಗೆ ಅವಳ ಬಾಯಿ ಹತ್ತಿತು. ಅಕ್ಕನ ತುಟಿಗಳು ಅಲುಗುತ್ತಿದ್ದವು, ಅವುಗಳಿಂದ ಏನೂ ಬರುತ್ತಿರಲಿಲ್ಲ. ಉಸಿರು ಕೂಡ ಕತ್ತಿನ ಬಟ್ಟೆಯಿಂದ ಹೋಗಿ ಬರುತ್ತಿತ್ತು. ಹಿಂದೆ ನಿಂತ ಹೆಂಗಸರು ಗುದ್ದಲು ಕೈಯೆತ್ತಿ, ಆಪರೇಷನ್ ಆದವಳೆಂದು ಹಾಗೇ ನಿಂತರು. ಅಕ್ಕ ಬಗ್ಗಿದಲ್ಲಿಂದಲೇ ಕೈ ಹಿಂದೆ ಮಾಡಿ ತನ್ನ ಬೆನ್ನನ್ನು ತಾನೇ ಎರಡು ಸಲ ತಟ್ಟಿ ತೋರಿಸಿದಳು. ಪದ್ಮಾ ಮೊದಲು ಗುದ್ದಿದಳು, ಆಮೇಲೆ ಎಲ್ಲರೂ ಗುದ್ದಿದರು. ಹೆಸರು ಕರೆದದ್ದಾಯಿತು ಎಂದು ಅವರು ಕೈ ಇಳಿಸಿದರು. ಅಕ್ಕ ಏಳಲಿಲ್ಲ.

ತುಟಿಗಳು ಅಲುಗುತ್ತಲೇ ಇದ್ದವು. ಒಂದು ನಿಮಿಷವಾಯಿತು, ಮೂರಾಯಿತು. ಯಾರೋ ಏಳಿಸಲು ಹೋದರು, ಸ್ವಾತಿ, "ಉಂಡನಿವ್ವಂಡಿ," ಎಂದು ತಡೆದಳು. ಇರಲಿ ಬಿಡಿ ಎಂದು. ನಡುವೆ ಒಮ್ಮೆ ಅಕ್ಕನ ಭುಜ ಕುಲುಕಿತು, ನಕ್ಕಿರಬೇಕು. ಕೂಸು ಕಣ್ಣು ಬಿಟ್ಟು ಮಿಸುಕದೆ ಮಲಗಿತ್ತು. ನಾನು ಗಡಿಯಾರ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ.

ಎದ್ದವಳು ತಟ್ಟೆಯಲ್ಲಿ ಹರಡಿದ್ದ ಅಕ್ಕಿಯಲ್ಲಿ ಬೆರಳಿನಿಂದ "ಮಂಜರಿ" ಎಂದು ಬರೆದಳು. ಶ್ರೀಧರ ಗಟ್ಟಿಯಾಗಿ ಓದಿದ. ಎಲ್ಲರೂ ಚಪ್ಪಾಳೆ ತಟ್ಟಿ ಊಟಕ್ಕೆ ಎದ್ದರು.

ಜನ ಅತ್ತ ಹೋದ ಮೇಲೆ ನಾನು ಅಕ್ಕನ ಪಕ್ಕದಲ್ಲಿ ಕೂತೆ. ಸುಮ್ಮನಿದ್ದಿದ್ದರೆ ಆಗುತ್ತಿತ್ತು. "ನನ್ನ ತಪ್ಪಿನಿಂದ ಕೂಸಿಗೆ ನಿನ್ನ ಒಂದು ಮಾತೂ ಕೇಳ್ಸಲಿಲ್ಲಕ್ಕಾ," ಎಂದೆ.

ಅಕ್ಕ ನನ್ನನ್ನು ನೋಡಿದಳು. ತಪ್ಪು ಲೆಕ್ಕ ಮಾಡಿದ ಹುಡುಗಿಯರನ್ನು ಅವಳು ಹಾಗೇ ನೋಡುತ್ತಿದ್ದಿರಬೇಕು. ಪಾಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಅಕ್ಷರವನ್ನು ದುಂಡಗೆ ಬರೆದು ನನ್ನ ಕಡೆ ತಿರುಗಿಸಿದಳು.

"ಕೂಸಿಗೆ ಎಲ್ಲ ಕೇಳಿಸಿತು. ಕೇಳಿಸದೇ ಹೋದದ್ದು ನಿನಗೆ."